ಥರ್ಮಾಕೋಲ್ ಮ್ಯಾಲೆ ಘಾಟ್ ಕಟ್ಟಿದ್ದು: ನನ್ನ ಅನುಭವ

ಎರಡು ಮಳಿಗಾಲ ಕಳದ್ವು, ನನ್ನ ಮಾಡೆಲ್ ರೈಲಿನ ಲೇಔಟ್ (ಹಳಿ, ಗುಡ್ಡ ಎಲ್ಲಾ ಸಣ್ಣ ಅಳತ್ಯಾಗ ಮಾಡಿದ್ದು) ಒಂಚೂರೂ ಸೊಟ್ಟ ಆಗಿಲ್ಲ, ಅದಕ್ಕ ಈಗ ಧೈರ್ಯಾ ಮಾಡಿ ಬರ್ಯಾಕತ್ತೇನಿ. ನಮ್ಮ ಧಾರವಾಡದ ಮಳಿ ಗೊತ್ತಲ್ರಿ, ಜುಲೈದಾಗ ಬೀರೂನ್ಯಾಗಿನ ಅರಬಿನೂ ಥಂಡಿ ಹಿಡೀತಾವ.

ಮೊದಲನೇ ಸಲ 18 ಎಂಎಂ ಪ್ಲೈವುಡ್ ತಂದು ಮಂಚದ್ಹಂಗ ಗಟ್ಟಿ ಟೇಬಲ್ ಮಾಡ್ಸಿದ್ದೆ, ಕೂಲಿ ಸೇರಿ 14 ಸಾವಿರದ ಮ್ಯಾಲೆ ಹೋತು, ಆಗಸ್ಟ್ ಬರೂದ್ರಾಗ ನಡುವ ಹೊಟ್ಟಿ ಬಂದು ಅಲ್ಲೇ ಡಬ್ಬಿ ಕಳಚಾಕ ಹತ್ತಿದ್ವು. ಆ ಪ್ಲೈ ಈಗ ಅಡಗಿಮನಿ ಅಟ್ಟ ಆಗೇತಿ, ಮನ್ಯಾಕಿ ಒಬ್ಬಾಕಿಗೆ ಖುಷಿ.

ಈ ಸಲ ಗುಜರಿಯಾಗ ಪ್ಯಾಕಿಂಗ್ ಪೆಟ್ಟಿಗಿ ಪೈನ್ ಕಟ್ಟಿಗಿ ತಂದೆ, 1,800 ಇರಬೇಕು. ಎಲ್ ಗರ್ಡರ್ (ಎರಡು ಪಟ್ಟಿ L ಆಕಾರಕ್ಕ ಜೋಡಿಸಿದ ತೊಲಿ), ಅಡ್ಡಪಟ್ಟಿ, ಸ್ಕ್ರೂ ಎಲ್ಲಾ ಕೆಳಗಿಂದ, ಹಳಿ ಕೆಳಗ ಅಷ್ಟ 9 ಎಂಎಂ ಪ್ಲೈ, ಉಳಿದಿದ್ದೆಲ್ಲಾ ಥರ್ಮಾಕೋಲ್. ಬಡಿಗ್ಯಾರು ನೋಡಿ "ಏನ್ರೀ ಸರ, ಗಣಪ್ಪನ ಮಂಟಪ ಮಾಡಾಕತ್ತೀರೇನು?" ಅಂತ ನಕ್ರು. ನಗೂವಂಗನ ಆತು ಬಿಡ್ರಿ, ರಬ್ಬರ್ ಸೊಲ್ಯೂಶನ್ ಹಚ್ಚಿದ್ದೆ, ರಾತ್ರಿ ಕಳಿಯೂದ್ರಾಗ ಅರ್ಧ ಗುಡ್ಡ ಕರಗಿ ಹೋಗಿತ್ತು! ಆಮ್ಯಾಲೆ ಬಿಳೇ ಫೆವಿಕಾಲ್ ಒಂದ.

ಏರು ಅಂದ್ರ ಗೋವಾ ಕಡೆ ರೈಲು ಇಳಿಯೂ ಕ್ಯಾಸಲ್‌ರಾಕ್ ಘಾಟಿನಂಗ 37ಕ್ಕ 1 (37 ಇಂಚು ಹೋದ್ರ ಒಂದಿಂಚು ಏರು) ಇರಲಿ ಅಂತ ಹಟ ಹಿಡದೆ, ತಿರುವಿನ್ಯಾಗ ಎಂಜಿನ್ ನಾಕು ಡಬ್ಬಿಗೇ ಚಕ್ರ ಜಾರ್ಸಾಕ ಹತ್ತಿತು. 50ಕ್ಕ 1 ಮಾಡಿದ್ರ ನನ್ನ 12 ಫೂಟ್ ಖೋಲ್ಯಾಗ ಮೂರಿಂಚೂ ಏರಂಗಿಲ್ಲ, ಕಡೀಕ ಕೆಳಗಿನ ಹಳಿನ ಒಂದಿಂಚು ಇಳಿಸಿದೆ. ಗಟ್ಟಿ ಟೇಬಲ್ ಇದ್ರ ಇದು ಆಗ್ತಿತ್ತೇನ್ರಿ? ಹುಬ್ಬಳ್ಳಿ ಸ್ಟೇಶನ್ ಮಾಡು ಅಂತಾರ ಗೆಳ್ಯಾರು, 1,507 ಮೀಟರ್ ಪ್ಲಾಟ್‌ಫಾರ್ಮ್ ಎಚ್‌ಒ ಸ್ಕೇಲಿನ್ಯಾಗೂ (ಖರೇದರ 87ನೇ ಒಂದು ಪಾಲು) 17 ಮೀಟರ್ ದಾಟತೈತಿ, ಬಾಜೂಮನಿ ಗ್ವಾಡಿ ಒಡೀಬೇಕಾಗ್ತೈತಿ.

ಮಣ್ಣಿಂದು ಬ್ಯಾರೇನ ಕತಿ. ಗದಗ ಕಡೆ ಎರಿಮಣ್ಣು ತಂದು ಹಚ್ಚಿದೆ, ಒಣಗಿದ ಮ್ಯಾಲೆ ಬಿರುಕು ಬಿಟ್ಟು ಬಿಟ್ಟು ಕೆಳಗಿನ ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸಮೇತ ಎದ್ದು ಬಂತು. ಧಾರವಾಡದ ಕೆಂಪು ಮಣ್ಣು ಮಲಮಲ್ ಬಟ್ಟ್ಯಾಗ ಸೋಸಿದ್ರ ಭಾರಿ ಕೂಡ್ತೈತಿ, ಆದ್ರ ಮೊದಲ ಮ್ಯಾಗ್ನೆಟ್ ಆಡ್ಸ್ರಿ, ಕಬ್ಬಿಣದ ಕಣ ಮೋಟರ್‌ನ್ಯಾಗ ಹೋದ್ರ ಎಂಜಿನ್ ಗ್ವಾತಾ. ಫೆವಿಕಾಲ್‌ಗೆ ನೀರೆಷ್ಟು, ಜೊತಿಗೆ ಇನ್ನೇನು ಹಾಕ್ತೇನಿ ಅನ್ನೂದು ಮಾತ್ರ ಹೇಳಂಗಿಲ್ಲ, ಒಂದು ವರ್ಷ ತಿಣುಕೇನ್ರಿ ಅದಕ್ಕ.

ಎಲ್ಲಾ ಸೇರಿ ಆರೂವರೆ ಸಾವಿರ ಆಗಿರಬೇಕು, ಹಳಿ ಬಿಟ್ಟು. ಬಿರುಕು ಬಿಟ್ಟ ಎರಿಮಣ್ಣಿನ ಒಂದು ತುಂಡು ಒಗೀದ ಹಳಿ ಬಾಜೂಕ ಹಚ್ಚೇನಿ, ನೋಡಿದವರೆಲ್ಲಾ ಬ್ಯಾಸಗಿ ಹೊಲ ಭಾರಿ ಮಾಡೀರಿ ಅಂತಾರ, ನಾನೂ ಹೂಂ ಅಂತೇನಿ.