ಫಿಯಟ್ ಬಾನೆಟ್‌ನೊಳಗೆ ಜಿಪ್ಸಿ ಎಂಜಿನ್: ಕೂರಿಸುವುದು ಹೇಗೆ?

ಜನ ಫಿಯಟ್ ಎಂದೇ ಕರೆಯುವ ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿಗೆ ಮಾರುತಿ ಜಿಪ್ಸಿಯ ಎಂಜಿನ್ ಕೂರುತ್ತದೆಯೇ ಎಂದು ಕೇಳುವವರು ಬಹಳ ಜನ. ಕೂರುತ್ತದೆ. ಚೈನ್ ಬ್ಲಾಕ್ ಇರುವ ಗ್ಯಾರೇಜಿನಲ್ಲಿ ಒಂದನ್ನು ಎತ್ತಿ ಇನ್ನೊಂದನ್ನು ಇಳಿಸುವುದು ಎರಡು ದಿನದ ಕೆಲಸ. ಸಕಲೇಶಪುರದ ಹತ್ತಿರ ಗೆಳೆಯನೊಬ್ಬ ತನ್ನ ಕಾಫಿ ತೋಟದೊಳಗೆ ಓಡಿಸಲೆಂದೇ ಇದನ್ನು ಮಾಡಿಸಿದ. ನಾನೂ ಸ್ಪ್ಯಾನರ್ ಹಿಡಿದು ಜೊತೆಗಿದ್ದೆ. ಎಂಜಿನ್ ಎರಡೇ ದಿನದಲ್ಲಿ ಕೂತಿತು. ಕಾರು ನೆಟ್ಟಗೆ ಓಡಲು ಏಳು ತಿಂಗಳು ಹಿಡಿಯಿತು.

ಮೊದಲು ಕಾಗದಪತ್ರ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ನಿಯಮಕ್ಕೆ ಹೊರತಾದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು ಅಥವಾ ಎರಡನ್ನೂ ಹೇಳುತ್ತದೆ. ಹಾಗಾಗಿ ಆರ್‌ಟಿಒ ಕಚೇರಿಗೆ ಬರೆದು ಕೊಟ್ಟು ಕೇಳಿ. ಉತ್ತರ ಬರಹದಲ್ಲಿ ಕೈಗೆ ಬರುವವರೆಗೆ ಎಂಜಿನ್‌ಗೆ ಅಡ್ವಾನ್ಸ್ ಕೊಡಬೇಡಿ. ಅನುಮತಿ ಇಲ್ಲವೆಂದರೆ ಸಾರ್ವಜನಿಕ ರಸ್ತೆಯ ಆಸೆ ಬಿಡಬೇಕು. ನಿಮ್ಮ ಫಿಯಟ್‌ಗೆ 50 ವರ್ಷ ದಾಟಿದ್ದರೆ ಇನ್ನೊಂದು ಸಲ ಯೋಚಿಸಿ. 2021ರ ನಿಯಮದಡಿ ವಿಂಟೇಜ್ ನೋಂದಣಿ ಸಿಗಬೇಕಾದರೆ ಎಂಜಿನ್, ಬಾಡಿಯಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅಂಥ ಕಾರಿಗೆ ಕೈ ಹಚ್ಚದಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಕಂಪನಿಗಳೇ ಈ ಕೆಲಸ ಮಾಡಿಲ್ಲವೇ ಎನ್ನಬಹುದು. ಮಾಡಿವೆ. ಪ್ರೀಮಿಯರ್ 118ಎನ್‌ಇ ಅಂದರೆ ಫಿಯಟ್ 124ರ ಬಾಡಿಯೊಳಗೆ ನಿಸಾನ್ ಎಂಜಿನ್. ಅಂಬಾಸಿಡರ್‌ಗೆ ಇಸುಜು ಬಂದಿದ್ದೂ ಹೀಗೆಯೇ. ಆದರೆ ಅವರ ಬಳಿ ಪರೀಕ್ಷೆ ಮಾಡಿಸಿದ ದಾಖಲೆ ಇತ್ತು.

ಜಿಪ್ಸಿಯೇ ಏಕೆ? ಪದ್ಮಿನಿಯಲ್ಲಿ ಎಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ. ಆಲ್ಟೊ, ಸ್ವಿಫ್ಟ್‌ಗಳಲ್ಲಿ ಅದು ಅಡ್ಡಕ್ಕಿದ್ದು ಮುಂದಿನ ಚಕ್ರ ತಿರುಗಿಸುತ್ತದೆ. ಆ ಗೇರ್‌ಬಾಕ್ಸ್‌ಗೆ ಇಲ್ಲಿ ಜಾಗವೇ ಇಲ್ಲ. ಜಿಪ್ಸಿ ಕಿಂಗ್‌ನ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಒತ್ತಡದಲ್ಲಿ ಪೆಟ್ರೋಲ್ ಸಿಂಪಡಿಸುವ) ಎಂಜಿನ್ 1298 ಸಿಸಿ, 16 ವಾಲ್ವ್, 80 ಅಶ್ವಶಕ್ತಿ. ಫಿಯಟ್‌ನದು 1089 ಸಿಸಿ, ಶಕ್ತಿ ಸುಮಾರು ಅದರ ಅರ್ಧ. ಇನ್ನೂ ಒಂದು ಅನುಕೂಲವಿದೆ. ಜಿಪ್ಸಿಯಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಫೋರ್‌ವೀಲ್ ಡಬ್ಬ ಗೇರ್‌ಬಾಕ್ಸ್‌ಗೆ ಅಂಟಿಕೊಂಡಿಲ್ಲ. ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಆ ಡಬ್ಬವನ್ನು ಬಿಟ್ಟು, ಐದು ಗೇರಿನ ಬಾಕ್ಸ್‌ನಿಂದ ನೇರ ಹಿಂದಿನ ಹೌಸಿಂಗ್‌ಗೆ, ಅಂದರೆ ಹಿಂದಿನ ಚಕ್ರಗಳ ನಡುವಿನ ಗೇರಿನ ಗೂಡಿಗೆ, ಶಾಫ್ಟ್ ಎಳೆಯಬಹುದು.

ಗುಜರಿಯಲ್ಲಿ ಬರೀ ಎಂಜಿನ್ ಕೊಳ್ಳಬೇಡಿ. ಗೇರ್‌ಬಾಕ್ಸ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಸೆನ್ಸರ್‌ಗಳು, ಕತ್ತರಿಸದ ವೈರಿಂಗ್, ಎಕ್ಸಲರೇಟರ್ ಕೇಬಲ್, ರೇಡಿಯೇಟರ್, ಎಲ್ಲವನ್ನೂ ಒಂದೇ ಗಾಡಿಯಿಂದ ತನ್ನಿ. ಬಿಲ್ಲು ಮತ್ತು ಆ ಗಾಡಿಯ ಆರ್‌ಸಿ ಪ್ರತಿ ಇಲ್ಲದೆ ದುಡ್ಡು ಎಣಿಸಬೇಡಿ. ಎಂಜಿನ್ ನಂಬರ್ ಉಜ್ಜಿದಂತೆ ಕಂಡರೆ ತಿರುಗಿಯೂ ನೋಡದೆ ಬನ್ನಿ.

ಹಳೆಯದನ್ನು ಇಳಿಸುವ ಮೊದಲು ಬಾನೆಟ್ ಒಳಗಿನ ಅಳತೆ ಬರೆದಿಟ್ಟುಕೊಳ್ಳಿ, ಫೋಟೊ ತೆಗೆದಿಟ್ಟುಕೊಳ್ಳಿ. ಹೊಸ ಎಂಜಿನ್ ಅನ್ನು ಚೈನಿನಲ್ಲೇ ತೂಗುಬಿಟ್ಟು ಹೊಂದಿಸಿ ನೋಡಿ. ಎಂಜಿನ್ ಮೇಲೆ ಅಲ್ಲಲ್ಲಿ ಚಪಾತಿ ಹಿಟ್ಟಿನ ಉಂಡೆ ಇಟ್ಟು ಬಾನೆಟ್ ಮುಚ್ಚಿ ತೆಗೆದರೆ, ಅಪ್ಪಚ್ಚಿಯಾದ ಹಿಟ್ಟಿನ ದಪ್ಪವೇ ಉಳಿದ ಜಾಗ. ಎರಡು ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಎಂಜಿನ್ ಅನ್ನು ಇನ್ನೂ ಕೆಳಗೆ ಕೂರಿಸಬೇಕು, ಏಕೆಂದರೆ ರಬ್ಬರಿನ ಮೇಲೆ ಕೂತ ಎಂಜಿನ್ ಕುಲುಕುತ್ತದೆ. ಹಾಗೆ ಕೂರಿಸಿದರೆ ಎಂಜಿನ್ ತಳದ ಆಯಿಲ್ ಚೇಂಬರ್ ಕ್ರಾಸ್ ಮೆಂಬರ್ ಎಂಬ ಅಡ್ಡ ತೊಲೆಗೋ ಸ್ಟಿಯರಿಂಗ್ ರಾಡಿಗೋ ತಾಗಬಹುದು. ಆ ತೊಲೆಯನ್ನೋ ರಾಡನ್ನೋ ಕತ್ತರಿಸುವ ಯೋಚನೆ ಬೇಡವೇ ಬೇಡ. ಚೇಂಬರ್ ಕತ್ತರಿಸಿ ಬೆಸುಗೆ ಹಾಕಿಸಿ. ಒಳಗೆ ಆಯಿಲ್ ಎಳೆಯುವ ಜಾಲರಿಗೂ ಚೇಂಬರ್ ತಳಕ್ಕೂ ಮೊದಲಿದ್ದಷ್ಟೇ ಅಂತರ ಉಳಿಯಲಿ. ಮೇಸ್ತ್ರಿಗಳು ಫೌಂಡೇಶನ್ ಎನ್ನುವ ಮೌಂಟಿಂಗ್‌ಗಳನ್ನು ತೆಳು ತಗಡಿಗೆ ನೇರ ಬೆಸೆಯಬಾರದು. ಪದ್ಮಿನಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಅಗಲವಾದ ಪ್ಲೇಟ್ ಕೊಟ್ಟು ಭಾರ ಹಂಚಬೇಕು.

ಸ್ಟಿಯರಿಂಗ್ ಪಕ್ಕದ ಗೇರ್ ಲಿವರ್‌ಗೆ ವಿದಾಯ; ಗೇರ್ ನೆಲದಿಂದ ಮೇಲೇಳುತ್ತದೆ. ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಅಳತೆಗೆ ಮಾಡಿಸಿದ ಮೇಲೆ ಬ್ಯಾಲೆನ್ಸ್ ಮಾಡಿಸಲೇಬೇಕು. ಹಿಂದಿನ ಹೌಸಿಂಗ್‌ನೊಳಗಿನ ಕ್ರೌನ್ ಎಂಬ ಹಲ್ಲುಗಾಲಿಯ ಅನುಪಾತ (ಚಕ್ರದ ಒಂದು ಸುತ್ತಿಗೆ ಶಾಫ್ಟಿನ ಸುತ್ತುಗಳು) ತಿಳಿಯಲು ಪುಸ್ತಕ ಹುಡುಕಬೇಕಿಲ್ಲ. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಗೇರು ನ್ಯೂಟ್ರಲ್‌ಗೆ ಹಾಕಿ, ಹಿಂದಿನ ಒಂದು ಚಕ್ರವನ್ನು ಮಾತ್ರ ಎತ್ತಿ. ಚಕ್ರಕ್ಕೂ ಶಾಫ್ಟಿಗೂ ಸೀಮೆಸುಣ್ಣದ ಗೆರೆ ಎಳೆದು, ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ಅನುಪಾತ. ಅದು 4.3 ಎಂದಿಟ್ಟುಕೊಳ್ಳಿ, ಟೈರಿನ ಸುತ್ತಳತೆ 1.87 ಮೀಟರ್, ನಾಲ್ಕನೇ ಗೇರಿನಲ್ಲಿ 3,000 ಆರ್‌ಪಿಎಂಗೆ ವೇಗ ಗಂಟೆಗೆ ಸುಮಾರು 78 ಕಿ.ಮೀ. ಐದನೇ ಗೇರು ಇರುವುದರಿಂದ ಕ್ರೌನ್ ಬದಲಿಸುವ ಗೋಜು ಬೇಡ.

ಈಗ ನಮ್ಮ ತಿಂಗಳುಗಳನ್ನು ನುಂಗಿದ ಪೆಟ್ರೋಲಿನ ವಿಷಯ. ಕಾರ್ಬುರೇಟರ್‌ಗೆ ಪೆಟ್ರೋಲ್ ತಲುಪಿದರೆ ಸಾಕು, ಹೆಚ್ಚಿನ ಒತ್ತಡ ಬೇಕಿಲ್ಲ. ಎಂಪಿಎಫ್‌ಐಗೆ ಸುಮಾರು 3 ಬಾರ್ ಒತ್ತಡ ಬೇಕು; ಅದಕ್ಕೆ ಎಲೆಕ್ಟ್ರಿಕ್ ಪಂಪು, ಆ ಒತ್ತಡ ತಡೆಯುವ ಪೈಪು, ಕ್ಲಿಪ್ಪು, ಮಿಕ್ಕ ಪೆಟ್ರೋಲ್ ವಾಪಸ್ ಬರುವ ಲೈನು ಎಲ್ಲ ಹಾಕಿದೆವು. ಕಾರು ಸೊಗಸಾಗಿ ಓಡಿತು. ಆದರೆ ತೋಟದ ಏರಿನ ಬಲ ತಿರುವಿನಲ್ಲಿ ಟಪ್ಪೆಂದು ನಿಂತಿತು. ಮತ್ತೆ ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ಸೆನ್ಸರ್ ಬದಲಿಸಿದೆವು, ರಿಲೇ ಬದಲಿಸಿದೆವು, ಇಸಿಯುವನ್ನೂ ಅನುಮಾನಿಸಿದೆವು. ಕೊನೆಗೆ ಗೆಳೆಯನ ಡ್ರೈವರ್, ‘ಟ್ಯಾಂಕ್ ಫುಲ್ ಮಾಡಿದ ದಿನ ನಿಲ್ಲಲ್ಲ ಸಾರ್’ ಎಂದ. ಅಷ್ಟೇ ವಿಷಯ! ಅರ್ಧಕ್ಕಿಂತ ಕಡಿಮೆ ಇದ್ದಾಗ ತಿರುವಿನಲ್ಲಿ ಪೆಟ್ರೋಲ್ ಒಂದು ಮೂಲೆಗೆ ಸರಿಯುತ್ತದೆ, ಪಂಪು ಗಾಳಿ ಎಳೆಯುತ್ತದೆ. ಕಾರ್ಬುರೇಟರ್‌ನ ಬಟ್ಟಲಲ್ಲಿ ಒಂದಿಷ್ಟು ಪೆಟ್ರೋಲ್ ಸದಾ ಇರುವುದರಿಂದ ಮೊದಲು ಅದು ಗೊತ್ತಾಗುತ್ತಿರಲಿಲ್ಲ. ಮಧ್ಯೆ ಒಂದು ಲೀಟರಿನ ಚಿಕ್ಕ ಟ್ಯಾಂಕ್ ಇಟ್ಟು, ಹಳೆಯ ಟ್ಯಾಂಕಿನಿಂದ ಸಣ್ಣ ಪಂಪಿನಲ್ಲಿ ಅದನ್ನು ತುಂಬಿಸಿ, ದೊಡ್ಡ ಪಂಪಿಗೆ ಅದರಿಂದ ಕೊಟ್ಟ ಮೇಲೆ ಕಾಟ ತಪ್ಪಿತು. ನೀವು ಇದನ್ನು ಮೊದಲೇ ಮಾಡಿ.

ವೈರಿಂಗ್‌ನಲ್ಲಿ ಮರೆಯುವುದು ಅರ್ತ್. ಎಂಜಿನ್‌ನಿಂದ ಬಾಡಿಗೆ, ಬಾಡಿಯಿಂದ ಬ್ಯಾಟರಿಗೆ ದಪ್ಪ ತಂತಿ, ಪೇಂಟ್ ಕೆರೆದ ಜಾಗದಲ್ಲಿ ಬಿಗಿಯಬೇಕು. ಚೆಕ್ ಎಂಜಿನ್ ದೀಪವನ್ನೂ ಡ್ಯಾಶ್‌ಬೋರ್ಡಿಗೆ ತನ್ನಿ. ರೇಡಿಯೇಟರ್ ಜಿಪ್ಸಿಯದೇ ಇರಲಿ.

ಬ್ರೇಕ್ ಬಗ್ಗೆ ರಾಜಿ ಬೇಡ. ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಡ್ರಮ್. ಶಕ್ತಿ ಇಮ್ಮಡಿಯಾದ ಮೇಲೂ ಅದನ್ನೇ ನಂಬುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ. ಮುಂದೆ ಡಿಸ್ಕ್, ಜೊತೆಗೆ ಪೆಡಲಿನ ಒತ್ತು ಹೆಚ್ಚಿಸುವ ಬೂಸ್ಟರ್ ಹಾಕಿಸುವವರೆಗೆ ಗೆಳೆಯ ಮೂರನೇ ಗೇರು ದಾಟಲಿಲ್ಲ.

ಮೊದಲ ಸ್ಟಾರ್ಟ್‌ಗೆ ಪಂಪಿನ ಫ್ಯೂಸ್ ಮತ್ತು ಸ್ಪಾರ್ಕ್ ಪ್ಲಗ್ ತೆಗೆದು, ಆಯಿಲ್ ದೀಪ ಆರುವವರೆಗೆ ಬರೀ ಸೆಲ್ಫ್ ತಿರುಗಿಸಿ. ಆಮೇಲೆ ಎಲ್ಲ ಜೋಡಿಸಿ ಕೀ ಮೂರು ಸಲ ಆನ್-ಆಫ್ ಮಾಡಿ, ಪ್ರತಿ ಜಾಯಿಂಟಿನಲ್ಲೂ ಪೆಟ್ರೋಲ್ ಒಸರುತ್ತಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ನೂರು ಕಿಲೋಮೀಟರ್ ಓಡಿದ ಮೇಲೆ ಫೌಂಡೇಶನ್ ಮತ್ತು ಶಾಫ್ಟ್ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಯಿರಿ.

ಇಳಿಸಿದ ಫಿಯಟ್ ಎಂಜಿನ್ ಅನ್ನು ಗುಜರಿಗೆ ಹಾಕಬೇಡಿ. ಪ್ಲಗ್ ತೂತುಗಳಿಂದ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಗೋಣಿಚೀಲ ಸುತ್ತಿ ಒಣ ಜಾಗದಲ್ಲಿಡಿ. ಆರ್‌ಸಿಯಲ್ಲಿ ಇರುವುದು ಅದರದೇ ನಂಬರ್.