ವಾರ್ಡಿನ ಮೆಡಿಸಿನ್ ರೂಮು: ಔಷಧಿ ಜೊತೆ ಇನ್ಫೆಕ್ಷನ್ ಹೋಗದಂಗೆ ನೋಡ್ಕೊಳೋದು ಹೇಗೆ

ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್ ಮುಗಿಸಿ ಈಗಷ್ಟೇ ವಾರ್ಡಿಗೆ ಸೇರಿರೋರಿಗೆ ಅಂತ ಇದನ್ನ ಬರೀತಿದೀನಿ, ಹಳಬ್ರೂ ಓದಿದ್ರೆ ಒಳ್ಳೇದೇ. ಮೆಡಿಸಿನ್ ರೂಮಿಗೆ ಹೋದ ತಕ್ಷಣ ಮೊದ್ಲು ಕೌಂಟರ್ ಮೇಲಿರೋ ಎನ್‌ಎಸ್, ಅಂದ್ರೆ ನಾರ್ಮಲ್ ಸಲೈನ್ (ಉಪ್ಪುನೀರು) ಬಾಟಲ್ ನೋಡಿ. ಅದಕ್ಕೆ ಒಂದು ನೀಡಲ್ ಚುಚ್ಚಿ ಹಾಗೇ ಬಿಟ್ಟಿದ್ರೆ, ಎಲ್ಲಾ ಪೇಷೆಂಟ್‌ಗಳ ಕ್ಯಾನುಲಾ ಫ್ಲಶ್‌ಗೂ (ನರಕ್ಕೆ ಹಾಕಿರೋ ಸಣ್ಣ ಟ್ಯೂಬಿಗೆ ಸಲೈನ್ ಹಾಯಿಸೋದು), ಆಂಟಿಬಯೋಟಿಕ್ ಪುಡಿ ಕರಗಿಸೋಕೂ ಅದ್ರಿಂದಾನೇ ಎಳೀತಿದ್ರೆ, ಆ ರೂಮು ಎಷ್ಟೇ ಫಳಫಳ ಅಂತಿರ್ಲಿ, ಸೇಫ್ ಅಲ್ಲ.

ಯಾಕಂದ್ರೆ ಸಲೈನ್‌ನಲ್ಲಿ ಪ್ರಿಸರ್ವೇಟಿವ್ ಇರಲ್ಲ. ಚುಚ್ಚಿಟ್ಟ ನೀಡಲ್ ಅಂದ್ರೆ ಗಾಳಿಗೆ, ಧೂಳಿಗೆ, ಮುಟ್ಟಿದವರ ಕೈಗೆಲ್ಲ ತೆರೆದಿಟ್ಟ ದಾರಿ. ಒಂದ್ಸಲ ಬ್ಯಾಕ್ಟೀರಿಯಾ ಒಳಗೆ ಹೋದ್ರೆ ಗಂಟೆಗಟ್ಟಲೆ ಬೆಳೀತಾ ಇರುತ್ತೆ, ನೀರು ಮಾತ್ರ ಹಂಗೇ ತಿಳಿಯಾಗಿ ಕಾಣುತ್ತೆ, ಬಣ್ಣ ಬದಲಾಗೋವರೆಗೂ ಕಾದ್ರೆ ಅಷ್ಟೊತ್ತಿಗೆ ಅರ್ಧ ವಾರ್ಡಿಗೆ ಹೋಗಿರುತ್ತೆ. ಒಂದೇ ಶಿಫ್ಟಲ್ಲಿ ಇಬ್ರು ಮೂವರಿಗೆ ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೇ ಚಳಿ ನಡುಕ ಜ್ವರ ಬಂದ್ರೆ ಡಾಕ್ಟ್ರಿಗೆ ತಿಳಿಸೋದರ ಜೊತೆಗೆ ಈ ಬಾಟಲ್ ಮೇಲೂ ಅನುಮಾನ ಪಡಿ, ಬಿಸಾಕಬೇಡಿ, ಎತ್ತಿಟ್ಟು ಕಲ್ಚರ್‌ಗೆ (ಬ್ಯಾಕ್ಟೀರಿಯಾ ಇದೆಯಾ ಅಂತ ಬೆಳೆಸಿ ನೋಡೋ ಲ್ಯಾಬ್ ಪರೀಕ್ಷೆ) ಕಳಿಸಿ.

ಇನ್ನೊಂದು ಇದಕ್ಕಿಂತ ದೊಡ್ಡ ಅಪಾಯ. ಫ್ಲಶ್ ಮಾಡಿದ ಸಿರಿಂಜ್‌ನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ವಾಪಸ್ ಬಂದಿರಬಹುದು. ನೀಡಲ್ ಬದಲಾಯಿಸಿದೆ ಸಿರಿಂಜ್ ಅದೇ ಇಟ್ಕೊಂಡೆ ಅಂತ ಎಷ್ಟೋ ಜನ ಧೈರ್ಯವಾಗಿ ಹೇಳ್ತಾರೆ, ಆದ್ರೆ ವೈರಸ್ ನೀಡಲ್‌ನಲ್ಲಿ ಮಾತ್ರ ಇರಲ್ಲ, ಸಿರಿಂಜ್ ಒಳಗೂ ಇರುತ್ತೆ. ಬಾಯಿಗಿಟ್ಟ ಚಮಚಾನ ಉಪ್ಪಿನಕಾಯಿ ಭರಣಿಗೆ ಅದ್ದಿದ್ರೆ ಮನೇಲಿ ಅಜ್ಜಿ ಬಿಡ್ತಾರಾ? ಇದೂ ಅದೇ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರುತ್ತೆ. 2008ರಲ್ಲಿ ಅಮೆರಿಕದ ಲಾಸ್ ವೇಗಸ್‌ನ ಒಂದು ಎಂಡೋಸ್ಕೋಪಿ ಸೆಂಟರ್‌ನಲ್ಲಿ ಬಯಲಾಗಿದ್ದು ಇದೇ, ಒಬ್ಬ ಪೇಷೆಂಟ್‌ಗೆ ಬಳಸಿದ ಸಿರಿಂಜ್‌ಗೆ ಹೊಸ ನೀಡಲ್ ಹಾಕಿ ಮತ್ತೆ ಪ್ರೊಪೊಫೋಲ್ (ಮಂಪರು ಬರಿಸೋ ಔಷಧಿ) ವಯಲ್‌ಗೆ, ಅಂದ್ರೆ ರಬ್ಬರ್ ಮುಚ್ಚಳದ ಔಷಧಿ ಸೀಸೆಗೆ ಚುಚ್ಚಿದ್ರು, ಅದೇ ವಯಲ್ ಮುಂದಿನವರಿಗೂ ಹೋಯ್ತು, ಹೆಪಟೈಟಿಸ್ ಸಿ ಹರಡ್ತು, 60 ಸಾವಿರಕ್ಕೂ ಹೆಚ್ಚು ಜನಕ್ಕೆ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ ಅಂತ ನೋಟಿಸ್ ಕಳಿಸಬೇಕಾಯ್ತು. ಅದು ಅಮೆರಿಕ ಅಂತ ದೂರ ಇಡೋಂಗಿಲ್ಲ, 2009ರಲ್ಲಿ ಗುಜರಾತ್‌ನ ಮೊಡಾಸಾದಲ್ಲಿ ಸಿರಿಂಜ್ ಮರುಬಳಕೆಯಿಂದ ಹೆಪಟೈಟಿಸ್ ಬಿ ಹರಡಿ ಜನ ಸತ್ತಿದಾರೆ.

ಹಾಗಾಗಿ ಫ್ಲಶ್‌ಗೆ, ಕರಗಿಸೋಕೆ 10 ಎಂಎಲ್ ಆಂಪೂಲ್ (ತುದಿ ಮುರಿದು ಬಳಸೋ ಪುಟ್ಟ ಸೀಸೆ) ಬಳಸಿ, ಒಂದು ಆಂಪೂಲ್ ಒಬ್ಬರಿಗೆ, ಉಳಿದದ್ದು ಚೆಲ್ಲಿ. 100 ಎಂಎಲ್ ಬಾಟಲ್ ಬಿಟ್ರೆ ಬೇರೆ ಗತಿ ಇಲ್ಲ ಅಂದ್ರೆ ಅದನ್ನೂ ಒಬ್ಬರಿಗೆ, ಆ ಒಂದು ಸಲಕ್ಕೆ ಅಷ್ಟೇ. ವೇಸ್ಟ್ ಆಗುತ್ತಲ್ಲ ಅಂತ ಹೊಟ್ಟೆ ಉರಿಯುತ್ತೆ ನಿಜ. ಈ ಬಾಟಲ್ ಅಭ್ಯಾಸ ಬಂದಿರೋದು ನರ್ಸ್‌ಗಳ ಸೋಮಾರಿತನದಿಂದ ಅಲ್ಲ, ಸ್ಟೋರ್ಸ್‌ನಿಂದ ಆಂಪೂಲ್ ಬರದೇ ಇರೋದ್ರಿಂದ, ಮೂವತ್ತು ನಲವತ್ತು ಬೆಡ್‌ಗೆ ನೈಟಲ್ಲಿ ಇಬ್ಬರೇ ಇರೋದ್ರಿಂದ. ಅದಕ್ಕೇ ಇಂಡೆಂಟ್ (ಸ್ಟೋರ್ಸ್‌ಗೆ ಕೊಡೋ ಬೇಡಿಕೆ) ಬಾಯಲ್ಲಿ ಹೇಳಬೇಡಿ, ಬುಕ್‌ನಲ್ಲಿ ಬರೀರಿ, ಬರದೇ ಇದ್ರೆ ಮತ್ತೆ ಬರೀರಿ, ಒಂದು ಕಾಪಿ ಇನ್ಫೆಕ್ಷನ್ ಕಂಟ್ರೋಲ್ ನರ್ಸ್‌ಗೂ ಹೋಗ್ಲಿ. ಒಬ್ಬರಿಗೆ ಸೆಪ್ಸಿಸ್ (ಸೋಂಕು ಇಡೀ ದೇಹವನ್ನ ಕೆಡಿಸೋ ಸ್ಥಿತಿ) ಆಗಿ ಐಸಿಯುಗೆ ಹೋದ್ರೆ ಒಂದೇ ದಿನಕ್ಕೆ ಆಗೋ ಖರ್ಚಿನಲ್ಲಿ ಎಷ್ಟು ಬಾಕ್ಸ್ ಆಂಪೂಲ್ ಬರುತ್ತೆ ಅಂತ ಆಡಳಿತದವರಿಗೆ ಲೆಕ್ಕ ಹಾಕಿ ತೋರಿಸಿ, ಅವರಿಗೆ ಆ ಭಾಷೆ ಬೇಗ ಅರ್ಥ ಆಗುತ್ತೆ.

ಈಗ ಜಾಗದ ವಿಷಯ. ಇಂಜೆಕ್ಷನ್ ಲೋಡ್ ಮಾಡೋ ಕೌಂಟರ್ ಸಿಂಕ್‌ನಿಂದ ಕನಿಷ್ಠ 3 ಅಡಿ ದೂರ ಇರಬೇಕು, ಜಾಗ ಇಲ್ದಿದ್ರೆ ಮಧ್ಯೆ ಒಂದು ಅಡ್ಡ ಶೀಟ್ ಹಾಕ್ಸಿ, ಸಿಂಕ್‌ನಿಂದ ಸಿಡಿಯೋ ನೀರಲ್ಲಿ ಸ್ಯೂಡೋಮೊನಾಸ್ ತರದ ಬ್ಯಾಕ್ಟೀರಿಯಾ ಇರಬಹುದು. ರಕ್ತದ ಸ್ಯಾಂಪಲ್ ಟ್ಯೂಬು, ಯೂರಿನ್ ಕಂಟೇನರ್, ಬಳಸಿದ ಕಿಡ್ನಿ ಟ್ರೇ ಆ ಕೌಂಟರ್ ಮೇಲೆ ಒಂದು ನಿಮಿಷಕ್ಕೂ ಇಡಬೇಡಿ. ಟಿಫನ್ ಬಾಕ್ಸು, ಚಹಾ ಲೋಟ ಬೇಡವೇ ಬೇಡ. ಮೇಲೆ ಫ್ಯಾನ್ ಇದ್ರೆ ಲೋಡ್ ಮಾಡೋವಾಗ ಆಫ್ ಮಾಡಿ, ಸೆಖೆ ಆಗುತ್ತೆ, ಸ್ವಲ್ಪ ತಡ್ಕೊಳ್ಳಿ.

ಕೈ ತೊಳೆಯೋದು ಎಲ್ರಿಗೂ ಗೊತ್ತು, ಉಜ್ಜೋ ಟೈಮಲ್ಲೇ ತಪ್ಪೋದು. ಹ್ಯಾಂಡ್ ರಬ್ ಆದ್ರೆ 20ರಿಂದ 30 ಸೆಕೆಂಡ್, ಸೋಪು ನೀರಾದ್ರೆ ಒಟ್ಟು 40ರಿಂದ 60 ಸೆಕೆಂಡ್. ಉಂಗುರ, ಬಳೆ, ವಾಚ್ ತೆಗೀರಿ. ಗ್ಲೌಸ್ ಹಾಕ್ಕೊಂಡಿದೀನಿ ಅಂತ ಕೈ ತೊಳೆಯೋದು ಬಿಡಬೇಡಿ, ಅದೇ ಗ್ಲೌಸ್‌ನಲ್ಲಿ ಡೋರ್ ಹ್ಯಾಂಡಲ್, ಕೇಸ್‌ಶೀಟು, ಮೊಬೈಲು ಎಲ್ಲಾ ಮುಟ್ಟಿ ಬಂದು ವಯಲ್ ಹಿಡಿದ್ರೆ ಗ್ಲೌಸ್ ಹಾಕಿ ಏನು ಬಂತು.

ಸ್ಪಿರಿಟ್ ಡಬ್ಬ ನಮ್ಮಲ್ಲಿ ಯಾರೂ ತಲೆ ಕೆಡಿಸ್ಕೊಳ್ಳದ ವಸ್ತು. ಬೆಳಿಗ್ಗೆ ಕಾಟನ್ ಉಂಡೆ ಮಾಡಿ ಡಬ್ಬಕ್ಕೆ ತುಂಬಿ ಸ್ಪಿರಿಟ್ ಸುರಿದು ಇಡೀ ದಿನ ಅದನ್ನೇ ಬಳಸ್ತೀವಿ, ಎಲ್ರ ಕೈಯೂ ಒಳಗೆ ಹೋಗುತ್ತೆ, ಮುಚ್ಚಳ ತೆರೆದಾಗೆಲ್ಲ ಸ್ಪಿರಿಟ್ ಹಾರಿ ತೆಳ್ಳಗಾಗುತ್ತೆ. ಹೀಗೆ ನೆನೆಸಿಟ್ಟ ಕಾಟನ್ ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ನೇರವಾಗಿ ಹೇಳುತ್ತೆ. ಒಂದೊಂದೇ ಪ್ಯಾಕೆಟ್‌ನಲ್ಲಿ ಬರೋ ಸ್ವಾಬ್ ಇದ್ರೆ ಅದು ಬೆಸ್ಟ್, ಇಲ್ದಿದ್ರೆ ಒಣ ಸ್ಟೆರೈಲ್ ಕಾಟನ್ ತಗೊಂಡು ಆಗಿಂದಾಗ್ಗೆ ಸ್ಪಿರಿಟ್ ಹಾಕ್ಕೊಳ್ಳಿ.

ವಯಲ್‌ನ ಪ್ಲಾಸ್ಟಿಕ್ ಮುಚ್ಚಳ ತೆಗೆದಾಗ ಕಾಣೋ ರಬ್ಬರ್ ಸ್ಟೆರೈಲ್ ಅಂತ ಅಂದ್ಕೋಬೇಡಿ, ಪ್ರತಿ ಸಲವೂ 70 ಪರ್ಸೆಂಟ್ ಆಲ್ಕೋಹಾಲ್‌ನಲ್ಲಿ ಉಜ್ಜಿ ಒಣಗಕ್ಕೆ ಬಿಡಿ, ಆಮೇಲೆ ಚುಚ್ಚಿ. ಒದ್ದೆ ಇರೋವಾಗ್ಲೇ ಚುಚ್ಚಿದ್ರೆ, ಊದಿ ಒಣಗಿಸಿದ್ರೆ ಉಜ್ಜಿದ್ದು ವ್ಯರ್ಥ. ಪ್ರತಿ ಸಲವೂ ಹೊಸ ಸಿರಿಂಜ್, ಹೊಸ ನೀಡಲ್. ಇನ್ಸುಲಿನ್, ಹೆಪಾರಿನ್ ತರದ ಮಲ್ಟಿಡೋಸ್ ವಯಲ್ ಓಪನ್ ಮಾಡಿದ ತಾರೀಖು ಟೈಮು ಲೇಬಲ್ ಮೇಲೆ ಬರೀರಿ, ಕಂಪನಿಯವರು ಬೇರೆ ಹೇಳಿಲ್ಲ ಅಂದ್ರೆ 28 ದಿನಕ್ಕೆ ಬಿಸಾಕಬೇಕು, ತಾರೀಖೇ ಇಲ್ದಿರೋ ವಯಲ್ ಸಿಕ್ಕಿದ್ರೆ ಆಗ್ಲೇ ಬಿಸಾಕಿ. ಈ ವಯಲ್ ಮೆಡಿಸಿನ್ ರೂಮ್ ಬಿಟ್ಟು ಬೆಡ್ ಹತ್ರ ಹೋಗಬಾರದು. ಸಿಂಗಲ್ ಡೋಸ್ ಅಂತ ಬರೆದಿದ್ರೆ ಎಷ್ಟೇ ಮಿಕ್ಕಿದ್ರೂ ಇನ್ನೊಬ್ಬರಿಗಿಲ್ಲ. ಇನ್ಸುಲಿನ್ ಪೆನ್ ಕೂಡ ಒಬ್ಬರಿಗೆ ಒಂದೇ, ನೀಡಲ್ ಬದಲಾಯಿಸಿದ್ರೂ ಪೆನ್ ಹಂಚಿಕೊಳ್ಳೋಂಗಿಲ್ಲ.

ಇನ್ಸುಲಿನ್ ಅಂದ್ಮೇಲೆ ಇದೊಂದು ಹೇಳ್ಬೇಕು. ನಮ್ ದೇಶದಲ್ಲಿ ವಾರ್ಡಿಗೆ ಬರೋ ಸಾಮಾನ್ಯ ವಯಲ್ ಎಂಎಲ್‌ಗೆ 40 ಯೂನಿಟ್‌ದು, ಅದಕ್ಕೆ ಕೆಂಪು ಕ್ಯಾಪ್ ಸಿರಿಂಜ್. 100 ಯೂನಿಟ್‌ದಕ್ಕೆ ಕಿತ್ತಳೆ ಕ್ಯಾಪ್. 100ರ ವಯಲ್‌ನಿಂದ 40ರ ಸಿರಿಂಜ್‌ನಲ್ಲಿ 10ರ ಗೆರೆವರೆಗೆ ಎಳೆದ್ರೆ ಹೋಗೋದು 25 ಯೂನಿಟ್, ಪೇಷೆಂಟ್ ಶುಗರ್ ಇಳಿದು ಪ್ರಜ್ಞೆ ತಪ್ಪೋಕೆ ಸಾಕು. ಎರಡೂ ಸಿರಿಂಜ್ ಒಂದೇ ಡಬ್ಬದಲ್ಲಿ ಇಡಬೇಡಿ.

ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ ಅಂತೂ ಸ್ಟೆರೈಲ್ ವಾಟರ್, ಎನ್‌ಎಸ್ ಆಂಪೂಲ್ ಪಕ್ಕ ಇರಲೇಬಾರದು. 15 ಪರ್ಸೆಂಟ್‌ನ ಒಂದು 10 ಎಂಎಲ್ ಆಂಪೂಲ್‌ನಲ್ಲಿ 20 ಮಿಲಿ ಈಕ್ವಿವಲೆಂಟ್ (ಪೊಟ್ಯಾಸಿಯಂ ಅಳೆಯೋ ಮಾಪನ) ಇರುತ್ತೆ, ಡೈಲ್ಯೂಟ್ ಮಾಡದೆ ನೇರ ಐವಿ ಪುಶ್ ಮಾಡಿದ್ರೆ ಹಾರ್ಟ್ ನಿಂತೋಗುತ್ತೆ. ಕೆಲವು ಕಂಪನಿದು ನೋಡೋಕೆ ಥೇಟ್ ನೀರಿನ ಆಂಪೂಲ್ ತರಾನೇ. ಬೇರೆ ಕಪಾಟು, ಬೀಗ, ಕೆಂಪು ಸ್ಟಿಕ್ಕರ್, ತೆಗೆಯೋವಾಗ ಇಬ್ರು ಓದಿ ನೋಡಬೇಕು. ಹೆಸರು ಒಂದೇ ತರ ಕೇಳಿಸೋ ಡೋಪಮಿನ್, ಡೊಬುಟಮಿನ್ ಕೂಡ ಅಕ್ಕಪಕ್ಕ ಬೇಡ.

ಲೋಡ್ ಮಾಡಿದ ಸಿರಿಂಜ್ ಲೇಬಲ್ ಇಲ್ದೆ ಟ್ರೇಗೆ ಹೋಗಬಾರದು, ಪೇಷೆಂಟ್ ಹೆಸರು, ಐಪಿ ನಂಬರ್ (ಅಡ್ಮಿಟ್ ಆದಾಗ ಕೊಡೋ ನಂಬರ್), ಔಷಧಿ, ಡೋಸ್, ಟೈಮ್ ಇಷ್ಟೂ ಇರ್ಲಿ. ಬೆಡ್ ನಂಬರ್ ನಂಬಬೇಡಿ, ರಾತ್ರೋರಾತ್ರಿ ಬೆಡ್ ಬದಲಾಗಿರುತ್ತೆ, ಒಂದೇ ವಾರ್ಡಲ್ಲಿ ಇಬ್ರು ಲಕ್ಷ್ಮಮ್ಮ, ಮೂರು ಜನ ಮಂಜುನಾಥ ಇರೋದು ನಮ್ಮೂರಲ್ಲಿ ಏನೂ ವಿಶೇಷ ಅಲ್ಲ. ಹತ್ತು ಜನರ ಇಂಜೆಕ್ಷನ್ ಒಟ್ಟಿಗೆ ಲೋಡ್ ಮಾಡಿ ಹೊರಡೋ ಪದ್ಧತಿ ಬಿಡಿ. ಲೋಡ್ ಮಾಡ್ತಿರೋವಾಗ ಬಾಗಿಲಲ್ಲಿ ನಿಂತು "ಸಿಸ್ಟರ್, ನಮ್ಮಪ್ಪಂಗೆ ಡ್ರಿಪ್ ಮುಗೀತು" ಅಂತ ಕರೀತಾರೆ, ಅವರ ತಪ್ಪಲ್ಲ, ಗಾಬರಿ ಅವರಿಗೆ. ಜೊತೆಯಲ್ಲಿರೋ ಸಿಸ್ಟರ್‌ನ ಕಳಿಸಿ, ಒಬ್ರೇ ಇದ್ದು ಹೋಗಲೇಬೇಕಾದ್ರೆ ಅರ್ಧಕ್ಕೆ ಬಿಟ್ಟ ಸಿರಿಂಜ್ ಬಿಸಾಕಿ ವಾಪಸ್ ಬಂದು ಹೊಸದಾಗಿ ಶುರು ಮಾಡಿ.

ಫ್ರಿಜ್ 2ರಿಂದ 8 ಡಿಗ್ರಿ, ದಿನಕ್ಕೆ ಎರಡು ಸಲ ಓದಿ ಬರೆಯೋದು, ಡೋರ್‌ನಲ್ಲಿ ಇನ್ಸುಲಿನ್ ಇಡಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ್ರೂ ಬಳಸಬಾರದು, ಮೊಸರು ಹಣ್ಣು ಮನೆ ಫ್ರಿಜ್‌ನಲ್ಲಿರ್ಲಿ.

ಕಸಕ್ಕೆ 2016ರ ಬಯೋಮೆಡಿಕಲ್ ವೇಸ್ಟ್ ನಿಯಮ ಇದೆ. ನೀಡಲ್ ಬಿಳಿ ಪಂಕ್ಚರ್‌ಪ್ರೂಫ್ ಡಬ್ಬಕ್ಕೆ, ನೀಡಲ್ ಇಲ್ದಿರೋ ಸಿರಿಂಜ್, ಐವಿ ಸೆಟ್ ಕೆಂಪು ಬ್ಯಾಗ್‌ಗೆ, ಗಾಜಿನ ವಯಲ್ ಆಂಪೂಲ್ ನೀಲಿ ಗುರುತಿನ ಡಬ್ಬಕ್ಕೆ, ಎಕ್ಸ್‌ಪೈರಿ ಔಷಧಿ ಹಳದಿಗೆ. ಬಿಳಿ ಡಬ್ಬ ಮುಕ್ಕಾಲು ತುಂಬಿದ್ರೆ ಮುಚ್ಚಿಬಿಡಿ. ಬಳಸಿದ ನೀಡಲ್‌ಗೆ ಕ್ಯಾಪ್ ಹಾಕೋಕೆ ಹೋಗಬೇಡಿ, ಹಾಗೆ ಮಾಡೋವಾಗ ಎಷ್ಟೋ ಸಲ ಕೈಗೆ ಚುಚ್ಚಿಕೊಳ್ಳುತ್ತೆ. ಹೌಸ್‌ಕೀಪಿಂಗ್ ಅಕ್ಕಂದಿರು ಕಸದ ಬ್ಯಾಗ್ ಹಿಡಿದು ಎತ್ತೋವಾಗ ಒಳಗಿರೋ ನೀಡಲ್ ಅವರ ಕೈಗೆ, ಕಾಲಿಗೆ ಚುಚ್ಚುತ್ತೆ, ಎಷ್ಟೋ ಕಡೆ ಅವರಿಗೆ ಹೆಪಟೈಟಿಸ್ ಬಿ ಲಸಿಕೆ ಕೂಡ ಆಗಿರಲ್ಲ. ಅವರಿಗೂ 0, 1, 6 ತಿಂಗಳ ಮೂರು ಡೋಸ್ ಹಾಕಿಸಿ ಅಂತ ಇನ್‌ಚಾರ್ಜ್ ಹತ್ರ ಕೇಳಿ, ನಿಮ್ಮದೂ ಮುಗಿದಿದ್ಯಾ ನೋಡ್ಕೊಳ್ಳಿ.

ಬಳಸಿದ ನೀಡಲ್ ಚುಚ್ಚಿಕೊಂಡ್ರೆ ಗಾಯ ಹಿಂಡಬೇಡಿ, ಬಾಯಿಗೆ ಹಾಕಿ ಚೀಪಬೇಡಿ, ಸ್ಪಿರಿಟ್ ಡೆಟಾಲ್ ಸುರೀಬೇಡಿ, ಹರಿಯೋ ನೀರು ಸೋಪಲ್ಲಿ ತೊಳೀರಿ. ಯಾವ ಪೇಷೆಂಟ್‌ಗೆ ಬಳಸಿದ ನೀಡಲ್ ಅಂತ ನೋಡಿ ತಕ್ಷಣ ಕ್ಯಾಶುಯಾಲ್ಟಿಗೆ ಹೋಗಿ. ಎಚ್‌ಐವಿ ತಡೆಯೋ ಮಾತ್ರೆ 2 ಗಂಟೆ ಒಳಗೆ ಶುರುವಾದ್ರೆ ಒಳ್ಳೇದು, 72 ಗಂಟೆ ಮೀರಬಾರದು, ಡಾಕ್ಟ್ರು ಬೇಕು ಅಂದ್ರೆ 28 ದಿನವೂ ಬಿಡದೆ ನುಂಗಬೇಕು. ಬೈತಾರೆ ಅಂತ ಮುಚ್ಚಿಡಬೇಡಿ, ನೈಟ್ ಡ್ಯೂಟಿ ಮುಗೀಲಿ ಬೆಳಿಗ್ಗೆ ಹೇಳೋಣ ಅಂತಾನೂ ಕಾಯಬೇಡಿ. ರಾತ್ರಿ ಹೊತ್ತು ಆ ಮಾತ್ರೆ ಆಸ್ಪತ್ರೇಲಿ ಎಲ್ಲಿ ಸಿಗುತ್ತೆ, ಯಾರಿಗೆ ಫೋನ್ ಮಾಡಬೇಕು ಅನ್ನೋದನ್ನ ಇವತ್ತೇ ಕೇಳಿ ಬರೆದು ಮೆಡಿಸಿನ್ ರೂಮಿನ ಗೋಡೆಗೆ ಅಂಟಿಸಿ.