ಜೂಲಿಯನ್ ಆಲ್ಪ್ಸ್ ನಕ್ಷೆ: ನೀಲಿ ಪೆನ್ಸಿಲ್ ಅವಸರ ಬೇಡ

ಸುಣ್ಣಕಲ್ಲಿನ ಬೆಟ್ಟಸಾಲು ಬರೆಯಲು ಕೂತ ಮಕ್ಕಳು ಎಡವುವುದು ಬೆಟ್ಟದಲ್ಲಲ್ಲ, ನೀರಿನಲ್ಲಿ. ಸಹ್ಯಾದ್ರಿ ಬರೆದು ಪಳಗಿದ ಕೈ ಶಿಖರ ಕಂಡಲ್ಲೆಲ್ಲ ನಾಲ್ಕು ತೊರೆ ಇಳಿಸಿಬಿಡುತ್ತದೆ. ಇಟಲಿ–ಸ್ಲೊವೇನಿಯಾ ಗಡಿಯ ಜೂಲಿಯನ್ ಆಲ್ಪ್ಸ್‌ನಲ್ಲಿ ಆ ರೂಢಿ ನಡೆಯದು.

ಹಂತ 1: ಹಾಳೆ ಅಡ್ಡ ಇಡಿ. ಎಡಕ್ಕೆ ಇಟಲಿ, ಬಲಕ್ಕೆ ಸ್ಲೊವೇನಿಯಾ.

ಹಂತ 2: ಗಡಿಯ ಮೇಲೆ ಈಶಾನ್ಯಕ್ಕೆ ಮಂಗರ್ತ್ (2,679 ಮೀಟರ್), ನೈರುತ್ಯಕ್ಕೆ ಕಾನಿನ್ (2,587 ಮೀಟರ್), ನಡುವೆ ಪ್ರೆದಿಲ್ ಕಣಿವೆದಾರಿ. ಎಲ್ಲಕ್ಕಿಂತ ಎತ್ತರದ ತ್ರಿಗ್ಲಾವ್ (2,864 ಮೀಟರ್) ಪೂರ್ವಕ್ಕೆ, ಸ್ಲೊವೇನಿಯಾದ ಒಳಗೆ. ಗಡಿ ತ್ರಿಗ್ಲಾವ್ ಮೇಲೆ ಹಾದಿದ್ದರೆ ನಿಮ್ಮ ಕೈಯಲ್ಲಿರುವುದು 1947ಕ್ಕಿಂತ ಹಿಂದಿನ ಅಟ್ಲಾಸ್, ಮುಚ್ಚಿಡಿ. ಮೊಬೈಲ್ ಮೇಲೆ ಹಾಳೆ ಹಾಸಿ ಗೆರೆ ಎಳೆಯುವ ಅಡ್ಡದಾರಿಯೂ ಬೇಡ, ಅಂಗೈ ತಗುಲಿ ನಕ್ಷೆ ಸರಿದು ಇಟಲಿ ಅರ್ಧ ಇಂಚು ಹಿಗ್ಗಿದ್ದನ್ನು ಕಂಡಿದ್ದೇನೆ.

ಹಂತ 3: ನೀರು. ಇಲ್ಲಿ ಅವಸರ ಬೇಡವೇ ಬೇಡ. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿ ತೆಳು ಆಮ್ಲವಾಗುತ್ತದೆ. ಸುಣ್ಣಕಲ್ಲಿನ ಬಿರುಕುಗಳನ್ನು ಕರಗಿಸಿ ಅಗಲಿಸುತ್ತ ಒಳಗಿಳಿಯುತ್ತದೆ. ಕಾನಿನ್ ಪ್ರಸ್ಥಭೂಮಿಯಲ್ಲಿ ಎಷ್ಟು ಸುರಿದರೂ ಮೇಲೆ ಹೊಳೆ ಕಾಣದು. ಅಲ್ಲಿನ ವರ್ತೊಗ್ಲಾವಿತ್ಸಾ ಗುಹೆಯಲ್ಲಿ ಒಂದೇ ನೇರ ಬಾವಿ 603 ಮೀಟರ್ ಆಳಕ್ಕಿದೆ. ಹಾಗಾಗಿ ಪ್ರಸ್ಥಭೂಮಿಗೆ ನೀಲಿ ಸೋಕಿಸಬೇಡಿ, ಕುಳಿಗಳಿಗೆ ಕಪ್ಪು ಚುಕ್ಕೆ ಇಡಿ, ಅಷ್ಟೇ.

ನೀಲಿ ಗೆರೆ ಶುರುವಾಗಬೇಕಾದ್ದು ಕೆಳಗೆ, ಬಂಡೆಯ ಬಾಯಲ್ಲಿ. ಸ್ಲೊವೇನಿಯಾ ಕಡೆ ಬೋಕಾ ಜಲಪಾತ ಹಾಗೆ ಹೊರಬಿದ್ದ ಕೂಡಲೇ 106 ಮೀಟರ್ ಧುಮುಕುತ್ತದೆ. ಇಟಲಿ ಕಡೆ ಗೊರಿಯೂದಾ ಚಿಲುಮೆ. ಗೆರೆ ಮೊಂಡಾಗಿ ಶುರುವಾಯಿತೆಂದು ಶಿಖರದವರೆಗೆ ಎಳೆದು ಜೋಡಿಸಬೇಡಿ. ಇನ್ನೊಂದು ಮಾತು: ಬೆಟ್ಟದ ಏಣಿನ ಇತ್ತ ಸುರಿದ ಮಳೆ ಇತ್ತಲೇ ಹೊರಬರುತ್ತದೆಂಬ ಖಾತರಿಯಿಲ್ಲ. ನೆಲದಡಿಯ ನೀರು ಗಡಿಗೆರೆ ನೋಡಿ ಹರಿಯದು. ಕುಳಿಗೆ ಬಣ್ಣ ಸುರಿದು ಚಿಲುಮೆಯಲ್ಲಿ ಕಾದು ನೋಡಿದರಷ್ಟೇ ಅದರ ದಾರಿ ತಿಳಿಯುವುದು. ಊಹೆಯ ಚುಕ್ಕೆಗೆರೆಗೆ ನಾನಂತೂ ಅಂಕ ಕೊಡುವುದಿಲ್ಲ.

ಹಂತ 4: ಎರಡು ನದಿಗಳು. ಸೋಚಾ ದಕ್ಷಿಣಕ್ಕಿಳಿದು ಏಡ್ರಿಯಾಟಿಕ್ ಸಮುದ್ರಕ್ಕೆ, ಸಾವಾ ಪೂರ್ವಕ್ಕೆ ಹರಿದು ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ.

ಹಂತ 5: ಬಣ್ಣ. ಅಗ್ಗದ ಸ್ಕೆಚ್ ಪೆನ್ ಹಾಳೆಯ ಬೆನ್ನಿಗೂ ಇಳಿಯುತ್ತದೆ. ಬಣ್ಣದ ಪೆನ್ಸಿಲ್ಲೇ ವಾಸಿ. ಬೆಟ್ಟಕ್ಕೆ ಕಂದು ಬೇಡ, ಬೂದು ಹಾಕಿ. ಸೋಚಾಗೆ ಮಾತ್ರ ನೀಲಿ ಬಿಟ್ಟು ಪಚ್ಚೆಹಸಿರು ಬಳಿಯಿರಿ, ನದಿ ಇರುವುದೇ ಹಾಗೆ.